ತಂತಿಯ ಬೆಲೆ, ತುದಿಯ ಕಿಲುಬು: ದುಬಾರಿ ಆಡಿಯೋ ಕೇಬಲ್‌ಗಳು ಕೊಡುವುದೇನು?

ಮಳೆಗಾಲ ಮುಗಿದು ದಸರೆ ಹತ್ತಿರವಾದ ಹೊತ್ತಿಗೆ ಕಾರವಾರದ ಕೋಡಿಬಾಗದ ಒಂದು ಮನೆಗೆ ಹೋಗಿದ್ದೆ. ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಸಮೀಪದ ಮನೆ. ಕಿಟಕಿ ತೆರೆದರೆ ಉಪ್ಪುಗಾಳಿ ನೇರವಾಗಿ ಒಳಗೆ ಬರುತ್ತದೆ. ಮನೆಯ ಯಜಮಾನರು ನಿವೃತ್ತರು, ಪ್ರತಿದಿನ ಸಂಜೆ ಹಿಂದೂಸ್ತಾನಿ ಗಾಯನ ಕೇಳುವವರು. ಅವರ ಎರಡು ಸ್ಪೀಕರುಗಳಲ್ಲಿ ಬಲಗಡೆಯದು ಕೆಲವು ತಿಂಗಳಿಂದ ಸೊರಗಿತ್ತು. ತಾನಪುರದ ನಾದ ಎಡಗಡೆಯಿಂದ ತುಂಬಿ ಬರುತ್ತಿದ್ದರೆ ಬಲಗಡೆಯಿಂದ ತೆಳುವಾಗಿ, ನಡುನಡುವೆ ಕರಕರ ಸದ್ದಿನೊಂದಿಗೆ ಬರುತ್ತಿತ್ತು. ದೂರದ ಊರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಸಾಧಾರಣ ಕೇಬಲ್ ಹಾಕಿದ್ದರಿಂದ ಹೀಗಾಗಿದೆ ಎಂದು ಹೇಳಿ 38,000 ರೂಪಾಯಿಯ ಒಂದು ಜೋಡಿ ಸ್ಪೀಕರ್ ಕೇಬಲ್ಲನ್ನು ತೋರಿಸಿದ್ದರಂತೆ. ಮುಂಗಡ ಕಳಿಸುವ ಮೊದಲು ಒಮ್ಮೆ ನೋಡಿ ಹೋಗು ಎಂದು ಅವರು ನನ್ನನ್ನು ಕರೆದಿದ್ದರು. ಯಕ್ಷಗಾನದ ಆಟಗಳಿಗೂ ಸಂಗೀತದ ಬೈಠಕ್ಕುಗಳಿಗೂ ಧ್ವನಿ ವ್ಯವಸ್ಥೆ ಮಾಡಿಕೊಡುತ್ತ, ಬಿಡುವಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತ ಬಂದವನು ನಾನು.

ಸ್ಪೀಕರಿನ ಹಿಂಬದಿಯ ತಿರುಪು ಸಡಿಲಿಸಿ ತಂತಿಯ ತುದಿಯನ್ನು ಹೊರಗೆಳೆದಾಗ ಕಾರಣ ಕಣ್ಣಿಗೇ ಕಂಡಿತು. ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಬೆಳಗದೆ ಬಿಟ್ಟ ತಾಮ್ರದ ಕೊಡಕ್ಕೆ ಹಿಡಿಯುತ್ತದಲ್ಲ, ಅದೇ ಕಿಲುಬು. ಬೆರಳಿನಿಂದ ಉಜ್ಜಿದರೆ ಹಸಿರು ಹುಡಿ ಉದುರಿತು. ಎರಡು ಮೂರು ಎಳೆಗಳು ಮುರಿದೇ ಹೋದವು. ತುದಿಯಿಂದ ಎರಡು ಇಂಚು ಕತ್ತರಿಸಿ, ಹೊದಿಕೆ ಸುಲಿದು, ಒಳಗಿನ ಹೊಳೆಯುವ ತಾಮ್ರವನ್ನು ಹೊಸೆದು, ತಿರುಪಿನ ಒಳಮೈಯನ್ನು ನುಣುಪಾದ ಎಮರಿ ಕಾಗದದಿಂದ ತಿಕ್ಕಿ ಬಿಗಿಮಾಡಿದೆ. ಬಲಗಡೆಯ ತಾನಪುರ ಮರಳಿ ಬಂತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, "ಹಾಗಾದ್ರೆ ತಮ್ಮಾ, ಆ ಮೂವತ್ತೆಂಟು ಸಾವಿರದ ಕೇಬಲ್‌ನಲ್ಲಿ ಏನೂ ಇಲ್ವಾ?" ಎಂದರು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಅರ್ಧ ಸತ್ಯವಾಗುತ್ತದೆ. ಕೇಬಲ್ ಎಲ್ಲಿ ಮುಖ್ಯ, ಎಲ್ಲಿ ಅಲ್ಲ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು, ಮತ್ತು ಆ ಲೆಕ್ಕ ಕಷ್ಟದ್ದೇನಲ್ಲ.

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯ ಕೆಲಸ ಅಡಿಕೆ ತೋಟಕ್ಕೆ ನೀರು ಒಯ್ಯುವ ಪೈಪಿನ ಕೆಲಸದಂಥದು. ಪೈಪು ಸಪೂರವಾಗಿದ್ದು ದೂರವೂ ಹೆಚ್ಚಾಗಿದ್ದರೆ ಕೊನೆಯ ಸಾಲಿನ ಮರಗಳಿಗೆ ನೀರು ಮುಟ್ಟುವುದಿಲ್ಲ. ಪೈಪು ಸಾಕಷ್ಟು ದಪ್ಪವಾಗಿದ್ದರೆ ಅದರ ಬಣ್ಣ ಯಾವುದು, ತಯಾರಿಸಿದವರು ಯಾರು ಎಂಬುದು ನೀರಿಗೆ ಸಂಬಂಧಿಸಿದ ವಿಷಯವಲ್ಲ. ತಂತಿಯಲ್ಲಿ ಈ ತಡೆಯನ್ನು ರೋಧ ಎನ್ನುತ್ತೇವೆ, ಓಮ್‌ಗಳಲ್ಲಿ ಅಳೆಯುತ್ತೇವೆ. ಮನೆಯ ವೈರಿಂಗಿಗೆ ಬಳಸುವ, ಎಲೆಕ್ಟ್ರೀಷಿಯನ್ನರು 'ಎರಡೂವರೆ ಎಂಎಂ' ಎಂದು ಕರೆಯುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.007 ಓಮ್. ಆಂಪ್ಲಿಫೈಯರಿನಿಂದ ಐದು ಮೀಟರ್ ದೂರದಲ್ಲಿ ಸ್ಪೀಕರ್ ಇದ್ದರೆ ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್ ತಂತಿಯಾಯಿತು, ಅದರ ರೋಧ 0.07 ಓಮ್. ಎಂಟು ಓಮ್‌ನ ಸ್ಪೀಕರಿನ ಮುಂದೆ ಇದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಧ್ವನಿಯ ಮಟ್ಟದಲ್ಲಿ ಇದರಿಂದಾಗುವ ನಷ್ಟ 0.08 ಡೆಸಿಬೆಲ್‌ಗೂ ಒಳಗೆ. ಎರಡು ಧ್ವನಿಗಳನ್ನು ತಟ್ಟನೆ ಬದಲಿಸಿ ಕೇಳಿಸಿದರೂ ತೀರ ಪಳಗಿದ ಕಿವಿ ಗುರುತಿಸುವ ವ್ಯತ್ಯಾಸ 0.2 ಡೆಸಿಬೆಲ್‌ನ ಆಸುಪಾಸಿನದು ಎಂಬುದನ್ನು ನೆನಪಿಟ್ಟರೆ, ಈ ತಂತಿಯನ್ನು ಎಷ್ಟೇ ಸುಧಾರಿಸಿದರೂ ಗಳಿಸಲು ಅಲ್ಲಿ ಏನೂ ಉಳಿದಿಲ್ಲ ಎಂಬುದು ಗೊತ್ತಾಗುತ್ತದೆ.

ಆದರೆ ತಂತಿ ತೀರ ಸಪೂರವಾದಾಗ ಕಥೆ ಬೇರೆ. ಸ್ಪೀಕರಿನ ಜೊತೆಗೆ ಪುಕ್ಕಟೆ ಬರುವ ತೆಳ್ಳನೆಯ ತಂತಿ ಅನೇಕ ಸಲ ಅರ್ಧ ಚದರ ಮಿಲಿಮೀಟರಿನದು ಅಥವಾ ಅದಕ್ಕೂ ಕಡಿಮೆಯದು. ಸ್ಪೀಕರಿನ ಮೇಲೆ 'ಎಂಟು ಓಮ್' ಎಂದು ಬರೆದಿದ್ದರೂ ಅದು ಸ್ಥಿರವಾದ ಸಂಖ್ಯೆಯಲ್ಲ. ಒಂದು ಸ್ವರದಲ್ಲಿ ನಾಲ್ಕು ಓಮ್‌ಗೆ ಇಳಿದು ಇನ್ನೊಂದರಲ್ಲಿ ಮೂವತ್ತು ಓಮ್‌ಗೆ ಏರುವ ಸ್ಪೀಕರುಗಳಿವೆ. ಸಪೂರ ತಂತಿಯು ನಾಲ್ಕು ಓಮ್ ಇರುವಲ್ಲಿ ಹೆಚ್ಚು ಕಸಿದುಕೊಳ್ಳುತ್ತದೆ, ಮೂವತ್ತು ಇರುವಲ್ಲಿ ಬಹುತೇಕ ಏನನ್ನೂ ಕಸಿಯುವುದಿಲ್ಲ. ಐದು ಮೀಟರ್ ದೂರಕ್ಕೆ ಅರ್ಧ ಚದರ ಮಿಲಿಮೀಟರ್ ತಂತಿ ಹಾಕಿದರೆ ಈ ಏರುಪೇರು ಅರ್ಧ ಡೆಸಿಬೆಲ್ ದಾಟುತ್ತದೆ. ಅಂದರೆ ಗಾಯಕಿಯ ದನಿಯ ಒಂದು ಭಾಗ ತುಸು ಹಿಂದೆ ಸರಿದು ಇನ್ನೊಂದು ಭಾಗ ಮುಂದೆ ಬಂದಂತಾಗುತ್ತದೆ. 'ಕೇಬಲ್ ಬದಲಿಸಿದೆ, ಧ್ವನಿ ಬದಲಾಯಿತು' ಎನ್ನುವವರೆಲ್ಲ ಭ್ರಮೆಯಲ್ಲಿದ್ದಾರೆ ಎಂದು ನಾನು ಹೇಳಲಾರೆ. ಸಪೂರದ್ದನ್ನು ತೆಗೆದು ದಪ್ಪದ್ದನ್ನು ಹಾಕಿದವರಿಗೆ ನಿಜವಾದ ಬದಲಾವಣೆಯೇ ಕೇಳಿಸಿರುತ್ತದೆ. ಅವರು ತಪ್ಪುವುದು ಕಾರಣ ಹೇಳುವಾಗ: ಕೆಲಸ ಮಾಡಿದ್ದು ತಾಮ್ರದ ದಪ್ಪ, ಹೊಗಳಿಕೆ ಸಿಕ್ಕಿದ್ದು ಕೇಬಲ್ಲಿನ ಹೆಸರಿಗೆ.

ರಂಗಸ್ಥಳದಲ್ಲಿ ಈ ಲೆಕ್ಕ ಇನ್ನೂ ನಿಷ್ಠುರ. ಆಟದ ಬಯಲಿನಲ್ಲಿ ಆಂಪ್ಲಿಫೈಯರ್ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಬದಿಗಿದ್ದು ಸ್ಪೀಕರುಗಳು ಮೂವತ್ತು ಮೀಟರ್ ದೂರದಲ್ಲಿರುವುದು ಸಾಮಾನ್ಯ. ಒಂದೇ ತಂತಿಗೆ ಎಂಟು ಓಮ್‌ನ ಎರಡು ಪೆಟ್ಟಿಗೆಗಳನ್ನು ಕೊಟ್ಟರೆ ಒಟ್ಟು ನಾಲ್ಕು ಓಮ್ ಆಗುತ್ತದೆ. ಅಷ್ಟು ದೂರಕ್ಕೆ ಅರ್ಧ ಚದರ ಮಿಲಿಮೀಟರಿನ ತಂತಿ ಎಳೆದರೆ ತಂತಿಯ ರೋಧವೇ ಎರಡು ಓಮ್ ದಾಟಿ, ಆಂಪ್ಲಿಫೈಯರ್ ಕೊಡುವ ಶಕ್ತಿಯ ಮೂರನೆಯ ಒಂದು ಪಾಲು ತಂತಿಯನ್ನು ಬಿಸಿಮಾಡುವುದರಲ್ಲೇ ಮುಗಿಯುತ್ತದೆ. ಧ್ವನಿ ಮೂರೂವರೆ ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಚೆಂಡೆಯ ಪೆಟ್ಟು ಮಂಕಾಗಿ, ಭಾಗವತರ ಪದದ ಸಾಹಿತ್ಯ ಹಿಂದಿನ ಸಾಲಿಗೆ ಕೇಳಿಸದೆ, ಸ್ಪೀಕರನ್ನು ಬೈಯುವ ಪ್ರಸಂಗ ಬರುತ್ತದೆ. ಅದೇ ದೂರಕ್ಕೆ ನಾಲ್ಕು ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ನಷ್ಟ ಅರ್ಧ ಡೆಸಿಬೆಲ್. ತಂತಿಯ ರೋಧ ಸ್ಪೀಕರಿನ ಓಮ್‌ನ ಐದು ಶೇಕಡಾ ದಾಟಬಾರದು ಎಂಬ ಹಳೆಯ ರೂಢಿಯೊಂದಿದೆ. ಮನೆಯಲ್ಲಿ ಅದನ್ನು ಪಾಲಿಸುವುದು ಸುಲಭ, ಬಯಲಿನಲ್ಲಿ ಅದಕ್ಕೆ ಯೋಚನೆ ಬೇಕು. ದುಬಾರಿ ಕೇಬಲ್‌ನ ಹಣವನ್ನು ಖರ್ಚು ಮಾಡಲೇಬೇಕೆಂದಿದ್ದರೆ ಇಲ್ಲಿ ಮಾಡಬೇಕು, ಅದೂ ತೂಕದ ಲೆಕ್ಕದ ತಾಮ್ರಕ್ಕೆ.

ಇನ್ನು ಬೆಳ್ಳಿಯ ವಿಷಯ. ಅತಿ ಬೆಲೆಯ ಕೇಬಲ್‌ಗಳಲ್ಲಿ ಬೆಳ್ಳಿಯ ತಂತಿ ಅಥವಾ ಬೆಳ್ಳಿ ಲೇಪಿಸಿದ ತಾಮ್ರ ಇರುತ್ತದೆ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಎಂಬುದು ನಿಜ. ಎಷ್ಟು ಒಳ್ಳೆಯದು? ಐದಾರು ಶೇಕಡಾ. ಈ ಅಂತರ ಎಷ್ಟು ಸಣ್ಣದೆಂಬುದನ್ನು ನಮ್ಮ ಜಿಲ್ಲೆಯ ಭೂಗೋಳವೇ ತೋರಿಸಿಕೊಡುತ್ತದೆ. ತಾಮ್ರದ ರೋಧ ಉಷ್ಣತೆಯೊಂದಿಗೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರವಾರದ ಸೆಕೆಯಲ್ಲಿದ್ದ ತಂತಿಯನ್ನು ದೇವಿಮನೆ ಘಟ್ಟ ಹತ್ತಿಸಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿಟ್ಟು ಚಳಿಗಾಲದ ರಾತ್ರಿಯಲ್ಲಿ ಅಳೆದರೆ ಹದಿನೈದು ಡಿಗ್ರಿಯ ವ್ಯತ್ಯಾಸವಾದರೂ ಇರುತ್ತದೆ; ಅಷ್ಟಕ್ಕೇ ಅದರ ರೋಧ ಆರು ಶೇಕಡಾದಷ್ಟು ಇಳಿದಿರುತ್ತದೆ. ಬೆಳ್ಳಿ ಹಾಕಿ ಗಳಿಸುವ ಲಾಭವೂ ಅಷ್ಟೇ. ಕರಾವಳಿಯ ಮನೆಯಿಂದ ಘಟ್ಟದ ಮೇಲಿನ ಮನೆಗೆ ಸ್ಪೀಕರ್ ಒಯ್ದವರು ಯಾರೂ, ತಂತಿ ತಣ್ಣಗಾಗಿದ್ದರಿಂದ ಸ್ವರ ತೆರೆದುಕೊಂಡಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಸ್ಪೀಕರಿನ ಒಳಗೂ ತಾಮ್ರದ ಸುರುಳಿಯೇ ಇದೆ ಎಂಬುದನ್ನು ಮರೆಯಬಾರದು. ಜೋರಾಗಿ ಬಾರಿಸುವಾಗ ಆ ಸುರುಳಿ ನೂರು ಡಿಗ್ರಿ ಬಿಸಿಯೇರಿದರೆ ಅದರ ರೋಧ ನಲವತ್ತು ಶೇಕಡಾದಷ್ಟು ಹೆಚ್ಚುತ್ತದೆ. ಆರು ಓಮ್‌ನ ಸುರುಳಿಯಲ್ಲಿ ಎರಡು ಓಮ್‌ಗಿಂತ ಹೆಚ್ಚು. ಅದರ ಮುಂದೆ ಹೊರಗಿನ ತಂತಿಯ 0.07 ಓಮ್ ಯಾವ ಲೆಕ್ಕ?

ಶುದ್ಧತೆಯ ಮಾತೂ ಹೀಗೆಯೇ. 'ಆಮ್ಲಜನಕರಹಿತ ತಾಮ್ರ', 'ಆರು ಒಂಬತ್ತುಗಳ ಶುದ್ಧತೆ' (ಅಂದರೆ 99.9999 ಶೇಕಡಾ) ಎಂಬ ಪದಗಳನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುತ್ತಾರೆ. ವಿದ್ಯುತ್ ತಂತಿಗೆ ಬಳಸುವ ಸಾಮಾನ್ಯ ತಾಮ್ರವೇ 99.9 ಶೇಕಡಾ ಶುದ್ಧ. ನಮ್ಮ ಕೋಣೆಯ ಉಷ್ಣತೆಯಲ್ಲಿ ತಾಮ್ರದ ರೋಧಕ್ಕೆ ಮುಖ್ಯ ಕಾರಣ ಉಷ್ಣದಿಂದಾಗುವ ಪರಮಾಣುಗಳ ಕಂಪನ, ಅಳಿದುಳಿದ ಕಲ್ಮಶವಲ್ಲ. ಆದ್ದರಿಂದ ಇನ್ನಷ್ಟು ಶುದ್ಧಗೊಳಿಸಿದರೆ ಸಿಗುವ ಲಾಭ ನಗಣ್ಯ. ದ್ರವ ಹೀಲಿಯಂನ ಶೈತ್ಯದಲ್ಲಿ ಸ್ಪೀಕರ್ ಕೇಳುವವರಿಗೆ ಮಾತ್ರ ಆ ಒಂಬತ್ತುಗಳು ಮುಖ್ಯವಾಗುತ್ತವೆ. ಹೆಚ್ಚಿನ ಕಂಪನಾಂಕದಲ್ಲಿ ವಿದ್ಯುತ್ತು ತಂತಿಯ ಹೊರಮೈಯಲ್ಲೇ ಹರಿಯುತ್ತದೆ ಎಂಬ ಇನ್ನೊಂದು ಮಾತೂ ಭೌತಶಾಸ್ತ್ರದ ಪ್ರಕಾರ ಸರಿಯೇ. ಮನುಷ್ಯನ ಕಿವಿಯ ಮೇಲಿನ ಮಿತಿಯಾದ 20,000 ಹರ್ಟ್ಸ್‌ನಲ್ಲಿ ಆ ಪದರದ ಆಳ ಅರ್ಧ ಮಿಲಿಮೀಟರಿಗೆ ತುಸು ಕಡಿಮೆ. ಎರಡೂವರೆ ಎಂಎಂನ ಒಂಟಿ ತಂತಿಯಲ್ಲಿ ಇದರಿಂದ ರೋಧ ಕಾಲು ಭಾಗದಷ್ಟು ಏರುತ್ತದೆ, ಐದು ಮೀಟರಿನಲ್ಲಿ ಅದು ಧ್ವನಿಯನ್ನು ಕುಗ್ಗಿಸುವುದು 0.02 ಡೆಸಿಬೆಲ್. ನಿಜವಾದ ಭೌತಶಾಸ್ತ್ರವನ್ನು ಹೇಳಿ ಅದರ ಪ್ರಮಾಣವನ್ನು ಮಾತ್ರ ಮುಚ್ಚಿಡುವುದು ಈ ವ್ಯಾಪಾರದ ಹಳೆಯ ಪದ್ಧತಿ, ಮತ್ತು ನನಗೆ ಬೇಸರವಾಗುವುದೂ ಇದಕ್ಕೇ. ಸುಳ್ಳನ್ನು ಹಿಡಿಯಬಹುದು, ಪ್ರಮಾಣವಿಲ್ಲದ ಸತ್ಯವನ್ನು ಹಿಡಿಯುವುದು ಸಾಮಾನ್ಯ ಗ್ರಾಹಕನಿಗೆ ಕಷ್ಟ.

ಈ ವ್ಯಾಪಾರ ತೀರ ಹಳೆಯದೂ ಅಲ್ಲ. 1970ರ ದಶಕದವರೆಗೆ ಸ್ಪೀಕರಿಗೆ ದೀಪದ ವಯರನ್ನೇ ಹಾಕುವುದು ಎಲ್ಲೆಡೆಯ ರೂಢಿಯಾಗಿತ್ತು. 1979ರಲ್ಲಿ ಅಮೆರಿಕದಲ್ಲಿ ನೋಯೆಲ್ ಲೀ ಎಂಬ ಎಂಜಿನಿಯರ್ ಮಾನ್‌ಸ್ಟರ್ ಕೇಬಲ್ ಕಂಪನಿಯನ್ನು ಆರಂಭಿಸಿದ ಮೇಲೆ ಸ್ಪೀಕರ್ ಕೇಬಲ್ ಎಂಬುದೇ ಬೇರೆ ಸರಕಾಯಿತು. ಅವರ ಆರಂಭದ ಕೇಬಲ್ ದಪ್ಪವಾಗಿತ್ತು, ಸಪೂರ ತಂತಿಗಿಂತ ಖಂಡಿತ ಉತ್ತಮವಾಗಿತ್ತು. 1983ರಲ್ಲಿ ಸ್ಟೀರಿಯೋ ರಿವ್ಯೂ ಪತ್ರಿಕೆ ಈ ಕೇಬಲ್ಲನ್ನೂ ಸಾಮಾನ್ಯ ದಪ್ಪ ವಯರನ್ನೂ ತೀರ ಸಪೂರ ವಯರನ್ನೂ ಹೆಸರು ಮುಚ್ಚಿಟ್ಟು ಕೇಳಿಸಿ ಪರೀಕ್ಷಿಸಿತು. ಸಪೂರದ್ದು ಕೆಲವು ಸದ್ದುಗಳಲ್ಲಿ ಸಿಕ್ಕಿಬಿತ್ತು. ಧ್ವನಿಯ ಮಟ್ಟವನ್ನು ಸಮ ಮಾಡಿ ಸಂಗೀತ ಕೇಳಿಸಿದಾಗ ದಪ್ಪನೆಯ ಎರಡನ್ನು ಪ್ರತ್ಯೇಕಿಸಿ ಗುರುತಿಸಲಾಗಲಿಲ್ಲ. ಮೇಲೆ ಹೇಳಿದ ಲೆಕ್ಕವೂ ಇದನ್ನೇ ಹೇಳುತ್ತದೆ. ಮುಂದೆ 2007ರಲ್ಲಿ, ಹನ್ನೆರಡು ಅಡಿಯ ಜೋಡಿಗೆ 7,250 ಡಾಲರ್ ಬೆಲೆಯಿದ್ದ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್‌ನಿಂದ ಕೇಳಿಯೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ, ಪವಾಡಗಳ ಹುಸಿ ಬಯಲು ಮಾಡುವುದಕ್ಕೆ ಹೆಸರಾದ ಜಾದೂಗಾರ ಜೇಮ್ಸ್ ರ‍್ಯಾಂಡಿ ಸವಾಲು ಹಾಕಿದರು. ತಯಾರಕರು ಹಿಂದೆ ಸರಿದರು, ಬಹುಮಾನವನ್ನು ಯಾರೂ ಪಡೆಯಲಿಲ್ಲ.

ಹಾಗಿದ್ದರೂ ಕೇಬಲ್ ಬದಲಿಸಿದ ಪ್ರಾಮಾಣಿಕ ಶ್ರೋತೃಗಳಿಗೆ ಧ್ವನಿ ಸುಧಾರಿಸಿದಂತೆ ಏಕೆ ಕೇಳುತ್ತದೆ ಎಂಬ ಪ್ರಶ್ನೆಯನ್ನು ನಾನು ಗೌರವದಿಂದ ನೋಡುತ್ತೇನೆ. ಹಣ ಕೊಟ್ಟ ಮೇಲೆ ಮನಸ್ಸು ಹೊಸತನ್ನು ನಿರೀಕ್ಷಿಸುತ್ತದೆ, ನಿರೀಕ್ಷೆಯಿಂದ ಕೇಳಿದರೆ ಇಷ್ಟು ದಿನ ಗಮನಿಸದ ತಬಲೆಯ ಉಜ್ಜಿನ ಸದ್ದೂ ಕಿವಿಗೆ ಬೀಳುತ್ತದೆ. ಇದು ಮನುಷ್ಯರೆಲ್ಲರಿಗೂ ಆಗುವ ಅನುಭವ. ಧ್ವನಿಯ ಮಟ್ಟ ಕೂದಲೆಳೆಯಷ್ಟು ಏರಿದರೂ ನಮಗೆ ಅದು 'ಜೋರು' ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಕಾರಣವೊಂದಿದೆ. ಅದನ್ನು ನಮ್ಮ ಕರಾವಳಿಯಲ್ಲಿ ಕೆಲಸ ಮಾಡಿದವರೇ ಸರಿಯಾಗಿ ಬಲ್ಲರು. ಹಳೆಯ ಕೇಬಲ್ ಕಿತ್ತು ಹೊಸದನ್ನು ಸಿಕ್ಕಿಸುವಾಗ, ವರ್ಷಗಟ್ಟಲೆ ಕಿಲುಬು ಹಿಡಿದಿದ್ದ ಪಿನ್ನು ಮತ್ತು ಸಾಕೆಟ್ಟುಗಳು ಪರಸ್ಪರ ಉಜ್ಜಿ ಸ್ವಚ್ಛವಾಗುತ್ತವೆ. ಸುಧಾರಣೆ ನಿಜ, ಅಳತೆಗೂ ಸಿಗುತ್ತದೆ. ಹಳೆಯ ಕೇಬಲ್ಲನ್ನೇ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದ್ದರೂ ಅದೇ ಸುಧಾರಣೆ ಸಿಗುತ್ತಿತ್ತು. ಕೋಡಿಬಾಗದ ಮನೆಯಲ್ಲಿ 38,000 ರೂಪಾಯಿಯ ಕೇಬಲ್ ಹಾಕಿದ್ದರೆ ಬಲಗಡೆಯ ಸ್ಪೀಕರ್ ಖಂಡಿತ ಸರಿಹೋಗುತ್ತಿತ್ತು, ಮತ್ತು ಯಜಮಾನರು ಜೀವಮಾನವಿಡೀ ಆ ಕೇಬಲ್ಲನ್ನು ಹೊಗಳುತ್ತಿದ್ದರು.

ಕಿಲುಬು ಬರಿಯ ರೋಧವೂ ಅಲ್ಲ. ಸಿಲಿಕಾನ್ ಡಯೋಡುಗಳು ಬರುವ ಮೊದಲು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಸಾಧನಗಳನ್ನು ತಾಮ್ರದ ಆಕ್ಸೈಡಿನಿಂದಲೇ ಮಾಡುತ್ತಿದ್ದರು. ಅಂಥ ಪದರ ಕೂಡುಜಾಗದಲ್ಲಿ ಬೆಳೆದರೆ ಅದು ಅಲೆಯ ಎರಡೂ ಬದಿಯನ್ನು ಸಮವಾಗಿ ಬಿಡದೆ ಧ್ವನಿಯನ್ನು ವಿಕಾರಗೊಳಿಸಬಲ್ಲದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ತಿಂಗಳಲ್ಲೂ ಉಪ್ಪಿನ ತೇವ ಗಾಳಿಯಲ್ಲಿರುವ ಈ ತೀರದಲ್ಲಿ ಆಡಿಯೋ ವ್ಯವಸ್ಥೆಯ ನಿಜವಾದ ವೈರಿ ಕೇಬಲ್‌ನ ತುದಿಗಳಲ್ಲಿ ಕೂತಿರುತ್ತದೆ. ಚಿನ್ನದ ಲೇಪನದ ಪಿನ್ನಿಗೆ ನಮ್ಮಲ್ಲಿ ಅರ್ಥವಿರುವುದು ಇದೇ ಕಾರಣಕ್ಕೆ. ಚಿನ್ನ ತಾಮ್ರಕ್ಕಿಂತ ಕಳಪೆ ವಾಹಕ; ಆದರೆ ಅದು ಕಿಲುಬುಗಟ್ಟುವುದಿಲ್ಲ. ಸ್ವರಕ್ಕೆ ಚಿನ್ನದ ಹೊಳಪು ಬರುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ, ಹತ್ತು ಮಳೆಗಾಲ ಕಳೆದರೂ ಸಂಪರ್ಕ ಕೆಡುವುದಿಲ್ಲ ಎಂಬುದಕ್ಕಾಗಿ ಕೆಲವು ನೂರು ರೂಪಾಯಿ ಹೆಚ್ಚು ಕೊಡುವುದನ್ನು ನಾನು ಒಪ್ಪುತ್ತೇನೆ. ಹಾಗೆಯೇ ದೋಣಿಗಳ ವೈರಿಂಗಿಗೆ ಬಳಸುವ, ಪ್ರತಿ ಎಳೆಗೂ ತವರದ ಕಲಾಯಿ ಮಾಡಿದ ತಾಮ್ರದ ತಂತಿ ಸಮುದ್ರದ ಬದಿಯ ಮನೆಗೆ ಒಳ್ಳೆಯ ಆಯ್ಕೆ.

ಕಿವಿಯಿಂದಲೇ ಪರೀಕ್ಷಿಸಬೇಕೆನ್ನುವವರು ದಯವಿಟ್ಟು ಪರೀಕ್ಷಿಸಿ, ಆದರೆ ಕಣ್ಣನ್ನು ಹೊರಗಿಟ್ಟು. ಎರಡೂ ಕೇಬಲ್‌ಗಳ ತುದಿಗಳನ್ನು ಮೊದಲು ಸ್ವಚ್ಛಗೊಳಿಸಿ, ಮಲ್ಟಿಮೀಟರಿನಿಂದ ಸ್ಪೀಕರಿನ ತುದಿಯ ವೋಲ್ಟೇಜ್ ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಗೆಳೆಯರೊಬ್ಬರು ಪರದೆಯ ಹಿಂದೆ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದನ್ನು ಜೋಡಿಸಲಿ. ನೀವು ಹತ್ತು ಸಲ ಉತ್ತರ ಬರೆದಿಡಿ. ಸುಮ್ಮನೆ ಊಹಿಸಿದರೂ ಹತ್ತಕ್ಕೆ ಐದು ಸರಿಯಾಗುವುದು ಸಹಜ. ಒಂಬತ್ತು ಅಥವಾ ಹತ್ತು ಸರಿಯಾಗುವುದು ಊಹೆಯಿಂದ ನೂರರಲ್ಲಿ ಒಂದು ಸಲ ಮಾತ್ರ ಸಾಧ್ಯ. ಹತ್ತಕ್ಕೆ ಹತ್ತು ಬರುವುದು 1,024ರಲ್ಲಿ ಒಮ್ಮೆ. ಶಿರಸಿಯಲ್ಲಿ ಅಡಿಕೆ ತೋಟವಿರುವ ನನ್ನ ಗೆಳೆಯರೊಬ್ಬರ ಮನೆಯಲ್ಲಿ ನಾವು ಹೀಗೆ ಕೂತಿದ್ದೆವು. ಅವರದು ಎರವಲು ತಂದ ದುಬಾರಿ ಕೇಬಲ್, ನನ್ನದು ಎರಡೂವರೆ ಎಂಎಂ ವಯರ್. ಕಣ್ಣೆದುರು ಜೋಡಿಸಿದಾಗ "ಭಾವ, ಇದ್ರಲ್ಲಿ ಮೇಲಿನ ಸ್ವರ ತೆರೆದುಕೊಂಡ ಹಾಗೆ ಕೇಳ್ತದಲ್ಲ" ಎಂದಿದ್ದರು. ನನಗೂ ಹಾಗೆಯೇ ಕೇಳಿಸಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಪರದೆ ಹಾಕಿದ ಮೇಲೆ ಇಬ್ಬರ ಉತ್ತರವೂ ಅರ್ಧದಷ್ಟೇ ಸರಿಯಾಯಿತು.

ಕೇಬಲ್ ನಿಜವಾಗಿ ಮುಖ್ಯವಾಗುವ ಜಾಗಗಳು ಬೇರೆ ಇವೆ. ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್ ಅವುಗಳಲ್ಲೊಂದು. ಅದರ ಸೂಜಿಯನ್ನು ಹಿಡಿದ ಭಾಗವಾದ ಸಾಮಾನ್ಯ ಕಾರ್ಟ್ರಿಜ್ಜಿನೊಳಗೆ ಸಾವಿರಾರು ಸುತ್ತಿನ ಸಣ್ಣ ಸುರುಳಿಯಿದ್ದು, ಕೇಬಲ್ಲಿನ ಎರಡು ವಾಹಕಗಳ ನಡುವೆ ವಿದ್ಯುದಂಶ ಶೇಖರವಾಗುವ ಗುಣ, ಅಂದರೆ ಕೆಪಾಸಿಟೆನ್ಸ್, ಆ ಸುರುಳಿಯ ಜೊತೆ ಸೇರಿ ಒಂದು ಕಂಪನಾಂಕದಲ್ಲಿ ಧ್ವನಿಯನ್ನು ಉಬ್ಬಿಸುತ್ತದೆ. ಅರ್ಧ ಹೆನ್ರಿಯ ಸುರುಳಿಗೆ 150 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿದರೆ ಆ ಉಬ್ಬು 18,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಉದ್ದನೆಯ ಕೇಬಲ್‌ನಿಂದ ಕೆಪಾಸಿಟೆನ್ಸ್ 300 ಆದರೆ ಉಬ್ಬು 13,000ಕ್ಕೆ ಇಳಿದು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಪರಿಹಾರ ಗಿಡ್ಡನೆಯ, ಕಡಿಮೆ ಕೆಪಾಸಿಟೆನ್ಸಿನ ಕೇಬಲ್. ಸಿಡಿ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಎರಡು ಮೀಟರ್ ಕೇಬಲ್‌ನಲ್ಲಿ ಅದೇ ಕೆಪಾಸಿಟೆನ್ಸ್ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅಲ್ಲಿ ಅದರ ಪರಿಣಾಮ ಆರಂಭವಾಗುವುದು ಕಿವಿಯ ಮಿತಿಯ ಹತ್ತಾರು ಪಟ್ಟು ಆಚೆ.

ಇನ್ನೊಂದು ಜಾಗ ಮೈಕು. ಭಾಗವತರ ಮುಂದಿನ ಮೈಕಿನಿಂದ ಹೊರಡುವ ಸಂಕೇತ ಒಂದೆರಡು ಮಿಲಿವೋಲ್ಟ್ ಮಾತ್ರ. ಅದು ಮೂವತ್ತು ನಲವತ್ತು ಮೀಟರ್ ದೂರ, ಜನರೇಟರಿನ ತಂತಿ ಮತ್ತು ಬಣ್ಣದ ದೀಪಗಳ ಪಕ್ಕದಲ್ಲೇ ಹಾದು ಮಿಕ್ಸರಿಗೆ ಬರಬೇಕು. ಇಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಮಾಡುವ ಕೆಲಸ ಸುಂದರವಾದದ್ದು. ಒಂದು ತಂತಿಯಲ್ಲಿ ಸಂಕೇತ ನೇರವಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಹೋಗುತ್ತದೆ. ದಾರಿಯಲ್ಲಿ ಸೇರಿದ ಗದ್ದಲ ಎರಡರಲ್ಲೂ ಒಂದೇ ಥರ ಇರುವುದರಿಂದ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಪದ ಉಳಿಯುತ್ತದೆ. ಇದಕ್ಕೆ ಒಳ್ಳೆಯ ಜಾಲರಿಯ ಹೊದಿಕೆ, ಎಳೆದಾಟ ತಾಳುವ ಹೊರಚರ್ಮ, ಗಟ್ಟಿ ಬೆಸುಗೆ ಬೇಕು. ಬೆಲ್ಡನ್, ಕೆನೇರ್, ಮೊಗಾಮಿ ಕೇಬಲ್‌ಗಳನ್ನೂ ನ್ಯೂಟ್ರಿಕ್ ಪಿನ್ನುಗಳನ್ನೂ ಸ್ಟುಡಿಯೋಗಳು ಕೊಳ್ಳುವುದು ಈ ಬಾಳಿಕೆಗಾಗಿ. ಅವುಗಳ ಬೆಲೆ ಸಾಧಾರಣಕ್ಕಿಂತ ಹೆಚ್ಚು, ಆದರೆ ವಿಲಾಸಿ ಕೇಬಲ್‌ಗಳ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ನೀವು ಕೇಳುವ ಹಾಡು ಧ್ವನಿಮುದ್ರಣವಾಗುವಾಗಲೇ ಇಂಥ ಸರಳ ಕೇಬಲ್‌ನ ನೂರಾರು ಮೀಟರ್ ದಾಟಿ ಬಂದಿರುತ್ತದೆ.

ಡಿಜಿಟಲ್ ಕೇಬಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಚ್‌ಡಿಎಂಐ, ಯುಎಸ್‌ಬಿ, ಆಪ್ಟಿಕಲ್ ಯಾವುದೇ ಇರಲಿ, ಅದರಲ್ಲಿ ಹೋಗುವುದು ಸೊನ್ನೆ ಮತ್ತು ಒಂದು. ತಲುಪಿದರೆ ಪೂರ್ತಿ ತಲುಪುತ್ತದೆ, ತಲುಪದಿದ್ದರೆ ಧ್ವನಿ ತುಂಡಾಗುತ್ತದೆ ಅಥವಾ ಚಿತ್ರದಲ್ಲಿ ಚುಕ್ಕೆಗಳು ಮಿನುಗುತ್ತವೆ. ಷಡ್ಜ ಮಾತ್ರ ಮೆತ್ತಗಾಗುವುದು ಸಾಧ್ಯವಿಲ್ಲ. ಟಿವಿಗೆ ತಕ್ಕ ವೇಗದ ಪ್ರಮಾಣಪತ್ರವಿರುವ ಎಚ್‌ಡಿಎಂಐ ಕೇಬಲ್ ಸಾಕು. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರಿನ ಜಾಲ ಕೇಬಲ್ ಒಂದನ್ನು ಸುಮಾರು 500 ಡಾಲರಿಗೆ ಮಾರುಕಟ್ಟೆಗೆ ತಂದು, ಸಂಕೇತ ಯಾವ ದಿಕ್ಕಿಗೆ ಹೋಗಬೇಕೆಂದು ಅದರ ಮೇಲೆ ಬಾಣದ ಗುರುತನ್ನೂ ಹಾಕಿತ್ತು.

ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಹೋಗುವ ಪವರ್ ಕೇಬಲ್‌ಗೂ ಹತ್ತಾರು ಸಾವಿರ ಕೇಳುತ್ತಾರೆ. ಕಾರವಾರ ತಾಲೂಕಿನಲ್ಲೇ ಇರುವ ಕೈಗಾ ಅಣುಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ವಿದ್ಯುತ್ ತಯಾರಿಸುತ್ತವೆ, ಪಕ್ಕದ ಕದ್ರಾ ಅಣೆಕಟ್ಟಿನಲ್ಲೂ ತಯಾರಾಗುತ್ತದೆ. ಆ ವಿದ್ಯುತ್ತು ಕಾಡು ಬೆಟ್ಟಗಳ ಮೇಲಿನ ಅಲ್ಯೂಮಿನಿಯಂ ತಂತಿಗಳಲ್ಲಿ ಹರಿದು, ಹೆಸ್ಕಾಂನ ಟ್ರಾನ್ಸ್‌ಫಾರ್ಮರ್ ದಾಟಿ, ಮನೆಯ ಮೀಟರ್, ಫ್ಯೂಸು, ಗೋಡೆಯೊಳಗಿನ ವಯರು ಎಲ್ಲವನ್ನೂ ಹಾದು ಬಂದಿರುತ್ತದೆ. ಅಷ್ಟು ದೂರ ಬಂದದ್ದನ್ನು ಕೊನೆಯ ಒಂದೂವರೆ ಮೀಟರ್ ತಿದ್ದಲಾರದು. ಅದನ್ನು ತಿದ್ದುವ ಕೆಲಸ ಆಂಪ್ಲಿಫೈಯರಿನೊಳಗಿನ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರುಗಳದ್ದು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಅರ್ಥಿಂಗ್. ನಮ್ಮ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ಥ್ ಗುಂಡಿಯ ರೋಧ ಏರುತ್ತದೆ. ಗುಂಡಿಗೆ ನೀರು ಹೊಯ್ಯುವ ಹಿರಿಯರ ಅಭ್ಯಾಸದಲ್ಲಿ ವಿಜ್ಞಾನವಿದೆ, ಮತ್ತು ಅದು ಧ್ವನಿಗಿಂತ ಮೊದಲು ಜೀವಕ್ಕೆ ಬೇಕಾದದ್ದು. ಒಂದೇ ವ್ಯವಸ್ಥೆಯ ಉಪಕರಣಗಳನ್ನು ಬೇರೆ ಬೇರೆ ಕೋಣೆಯ ಪ್ಲಗ್ಗುಗಳಿಗೆ ಕೊಟ್ಟಾಗಲೂ ಅರ್ಥ್‌ನ ದಾರಿ ಎರಡಾಗಿ ಇದೇ ಸದ್ದು ಹುಟ್ಟುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಕೊಟ್ಟರೆ ಅನೇಕ ಸಲ ಸದ್ದು ನಿಲ್ಲುತ್ತದೆ. ಅದನ್ನು ನಿಲ್ಲಿಸಲು ಅರ್ಥ್ ಪಿನ್ನನ್ನು ಕತ್ತರಿಸುವ ಕೆಲಸವನ್ನು ಮಾತ್ರ ಎಂದಿಗೂ ಮಾಡಬಾರದು.

ಕೊಳ್ಳುವಾಗ ಹೆದರಬೇಕಾದದ್ದು ಅಗ್ಗದ ತಾಮ್ರಕ್ಕಲ್ಲ, ತಾಮ್ರದ ವೇಷ ಹಾಕಿದ ಅಲ್ಯೂಮಿನಿಯಂಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಹೊದಿಕೆ ಕೊಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿ ಸ್ಪೀಕರ್ ವಯರ್ ಎಂದು ಮಾರುತ್ತಾರೆ. ನೋಡಲು ಕೆಂಪಗೆ ಹೊಳೆಯುತ್ತದೆ. ರೋಧ ಅಸಲಿ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಒಂದು ಎಳೆಯನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಬ್ಲೇಡಿನ ಅಲಗಿನಿಂದ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ ಕಾಣುತ್ತದೆ, ವೇಷವಾದರೆ ಎರಡನೆಯ ಗೀರಿಗೇ ಒಳಗಿನ ಬಿಳುಪು ಹೊರಬರುತ್ತದೆ. ನಾಲ್ಕಾರು ಸಲ ಮಡಚಿ ಬಿಡಿಸಿದರೆ ಅದು ಬೇಗ ತುಂಡಾಗುತ್ತದೆ. ತೂಕವೂ ಸಾಕ್ಷಿ ಹೇಳುತ್ತದೆ: ಎರಡೂವರೆ ಎಂಎಂ ತಂತಿಯ ಒಂದು ಮೀಟರಿನಲ್ಲಿ ಸುಮಾರು 22 ಗ್ರಾಂ ತಾಮ್ರವಿರಬೇಕು, 90 ಮೀಟರಿನ ಸುರುಳಿಯಲ್ಲಿ ಹೊದಿಕೆ ಬಿಟ್ಟು ಎರಡು ಕಿಲೋ. ಅರ್ಧಕ್ಕಿಂತ ಕಡಿಮೆ ತೂಗಿದರೆ ಅಂಗಡಿಗೆ ಮರಳಿಸಿ. ಐಎಸ್ 694ರ ಐಎಸ್‌ಐ ಮುದ್ರೆಯಿರುವ ಮನೆ ವೈರಿಂಗಿನ ತಂತಿಯನ್ನು ಯಾವ ತಾಲೂಕು ಕೇಂದ್ರದ ಅಂಗಡಿಯಲ್ಲೂ ಕೊಳ್ಳಬಹುದು; ಎರಡು ಬಣ್ಣದ್ದನ್ನು ತಂದು ಒಟ್ಟಿಗೆ ಹೊಸೆದರೆ ಒಳ್ಳೆಯ ಸ್ಪೀಕರ್ ಕೇಬಲ್ ಆಗುತ್ತದೆ.

ತುದಿಗಳ ವಿಷಯದಲ್ಲಿ ಎರಡು ಎಚ್ಚರಿಕೆ. ತಿರುಪಿನ ಕೆಳಗೆ ಹೋಗುವ ತುದಿಗೆ ಬೆಸುಗೆಯ ಸೀಸ ಹಚ್ಚಬಾರದು; ಒತ್ತಡಕ್ಕೆ ಅದು ನಿಧಾನವಾಗಿ ಚಪ್ಪಟೆಯಾಗಿ, ಕೆಲವು ತಿಂಗಳಲ್ಲಿ ತಿರುಪು ಸಡಿಲವಾಗುತ್ತದೆ. ಅದರ ಬದಲು ತುದಿಗೆ ಲೋಹದ ತೋಳು ತೊಡಿಸಿ ಒತ್ತುವುದು ಅಥವಾ ಬನಾನಾ ಪ್ಲಗ್ ಹಾಕುವುದು ಲೇಸು. ಕಿಲುಬು ತೆಗೆಯಲು ಹುಣಸೆಹಣ್ಣು, ಉಪ್ಪು ಬಳಸಬಾರದು. ಕೊಡಕ್ಕೆ ಅದು ಸರಿ, ತೊಳೆಯಲಾಗದ ಸಾಕೆಟ್ಟಿನೊಳಗೆ ಉಳಿದ ಹುಳಿ ಮುಂದಿನ ಕಿಲುಬಿಗೆ ಹಾದಿ ಮಾಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಕೋಡಿಬಾಗದ ಮನೆಯಲ್ಲಿ ಅಂದು ನಮ್ಮ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಹಳೆಯ ಹೆಂಚಿನ ಮನೆ ಕೆಡವಿ ಕಟ್ಟಿದ ಆರ್‌ಸಿಸಿ ಮನೆ ಅದು. ನುಣುಪಾದ ಟೈಲ್ಸಿನ ಹಜಾರದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ನಾಲ್ಕೂ ಗೋಡೆಗೆ ಬಡಿದು ಹಿಂದಿರುಗುತ್ತಿತ್ತು. ಸ್ಪೀಕರುಗಳನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದು, ನೆಲಕ್ಕೆ ದಪ್ಪನೆಯ ಜಮಖಾನ ಹಾಸಿ, ಎದುರಿನ ಖಾಲಿ ಗೋಡೆಗೆ ಅವರ ಪುಸ್ತಕದ ಕಪಾಟನ್ನು ಸರಿಸಿದೆವು. ಇದರಿಂದಾದ ಬದಲಾವಣೆಯನ್ನು ಕೇಳಲು ಪರದೆಯೂ ಬೇಕಿರಲಿಲ್ಲ, ನಾಣ್ಯವೂ ಬೇಕಿರಲಿಲ್ಲ. ಅಡುಗೆಮನೆಯಲ್ಲಿದ್ದ ಅವರ ಪತ್ನಿ ಹೊರಬಂದು ಏನು ಮಾಡಿದಿರಿ ಎಂದು ಕೇಳಿದರು. ತಿರುಪು ಬಿಚ್ಚಿ ಬಿಗಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಸ್ಪೀಕರಿನ ಬೆನ್ನಿಗೆ ಅಂಟಿಸಿ ಬಂದಿದ್ದೇನೆ. ಬರುವ ದಸರೆಗೆ ಮತ್ತೊಮ್ಮೆ ಬಿಚ್ಚಿ ನೋಡಬೇಕು.